ಡೆರಿಯ ದೊರೆ ಬಿಷಪ್

ಪ್ರತಿವರ್ಷ ಜನವರಿ 18ರಿಂದ 25ರವರೆಗೆ, ಅಂದರೆ ಸಂತ ಪೌಲರ ಮನಪರಿವರ್ತನೆಯ ಹಬ್ಬದ ತನಕ, ನಾವು ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥಿಸುತ್ತೇವೆ. ಆ ವಾರದ ಪ್ರಬೋಧನೆಗಳಲ್ಲಿ ಸಾಮಾನ್ಯವಾಗಿ ಸಂತರ, ಪುಣ್ಯವಂತರ ಉದಾಹರಣೆಗಳು ಬರುತ್ತವೆ. ಈ ಬಾರಿ ಸಂತರಲ್ಲದ ಒಬ್ಬರ ಕಥೆ ಹೇಳೋಣ ಅನ್ನಿಸಿತು. ಇವರು ಕಥೋಲಿಕರೂ ಅಲ್ಲ. ಹುಟ್ಟಿನಿಂದ ಇಂಗ್ಲೆಂಡಿನ ದೊರೆಮನೆತನದವರು, ವೃತ್ತಿಯಿಂದ ಆಂಗ್ಲಿಕನ್ ಧರ್ಮಾಧ್ಯಕ್ಷರು, ಮನಸ್ಸಿನಿಂದ ಪ್ರವಾಸಿ. ಹೆಸರು ಫ್ರೆಡೆರಿಕ್ ಅಗಸ್ಟಸ್ ಹಾರ್ವಿ. ಐರ್ಲೆಂಡಿನ ಡೆರಿ ಎಂಬ ಧರ್ಮಕ್ಷೇತ್ರಕ್ಕೆ 35 ವರ್ಷ ಬಿಷಪ್ ಆಗಿದ್ದವರು.

ಆಂಗ್ಲಿಕನ್ ಸಭೆ ಎಂದರೆ ಯಾವುದು ಎಂದು ಕೆಲವರು ಕೇಳಬಹುದು. ಹದಿನಾರನೆಯ ಶತಮಾನದಲ್ಲಿ ರೋಮಿನಿಂದ ಬೇರೆಯಾಗಿ ರಾಜನನ್ನೇ ಮುಖ್ಯಸ್ಥನೆಂದು ಒಪ್ಪಿಕೊಂಡ ಇಂಗ್ಲೆಂಡಿನ ಸಭೆಯದು. ನಮ್ಮ ಕಡೆಯ ಆಂಗ್ಲಿಕನರು 1947ರಲ್ಲಿ ಬೇರೆ ಕೆಲವು ಸಭೆಗಳ ಜೊತೆ ಸೇರಿ ಸಿ.ಎಸ್.ಐ. ಆದರು. ಇಂಗ್ಲೆಂಡಿನ ರಾಜರು ಐರ್ಲೆಂಡನ್ನು ಆಳುತ್ತಿದ್ದುದರಿಂದ ಅಲ್ಲಿಯೂ ಇದೇ ಸಭೆ ಸರ್ಕಾರಿ ಸಭೆಯಾಯಿತು. ತಮಾಷೆಯೆಂದರೆ ಅಲ್ಲಿನ ಜನರಲ್ಲಿ ಬಹುಪಾಲು ಕಥೋಲಿಕರು. ಉತ್ತರದಲ್ಲಿ ಪ್ರೆಸ್ಬಿಟೇರಿಯನರೂ ಬಹಳ. ಸರ್ಕಾರಿ ಸಭೆಗೆ ಸೇರಿದವರು ಕೆಲವರೇ. ಆದರೆ ದೇವಾಲಯಗಳು, ಜಮೀನುಗಳು, ದಶಾಂಶ ಎಲ್ಲವೂ ಆ ಕೆಲವರದು. ಗುಡಿಸಲಲ್ಲಿ ಆಲೂಗಡ್ಡೆ ತಿಂದು ಬದುಕುವ ಕಥೋಲಿಕ ರೈತನೂ ತಾನು ಕಾಲಿಡದ ದೇವಾಲಯದ ಪಾದ್ರಿಗೆ ದಶಾಂಶ ಕಟ್ಟಬೇಕು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. 1690ರ ದಶಕದಿಂದ ಒಂದೊಂದಾಗಿ ಬಂದ ದಂಡನಾ ಕಾನೂನುಗಳು ಕಥೋಲಿಕರನ್ನು ತಮ್ಮದೇ ನಾಡಿನಲ್ಲಿ ಪರಕೀಯರನ್ನಾಗಿ ಮಾಡಿದ್ದವು. 1697ರ ಕಾನೂನು ಅವರ ಧರ್ಮಾಧ್ಯಕ್ಷರನ್ನೂ ಸನ್ಯಾಸಿಗಳನ್ನೂ ದೇಶದಿಂದಾಚೆ ಕಳುಹಿಸಿತು. ಕಥೋಲಿಕನೊಬ್ಬ ಜಮೀನು ಕೊಳ್ಳುವಂತಿಲ್ಲ. 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪಡೆಯುವಂತಿಲ್ಲ. ಅಪ್ಪ ಸತ್ತರೆ ಜಮೀನು ಎಲ್ಲ ಗಂಡುಮಕ್ಕಳಲ್ಲಿ ಹರಿದು ಹಂಚಿ ಹೋಗಬೇಕು. ಹಿರಿಯ ಮಗ ಆಂಗ್ಲಿಕನನಾದರೆ ಪೂರ್ತಿ ಅವನಿಗೇ. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿಲ್ಲ. 1728ರಲ್ಲಿ ಮತದಾನದ ಹಕ್ಕೂ ಹೋಯಿತು. ಒಂದು ಮನೆಯ ಅಣ್ಣತಮ್ಮಂದಿರ ನಡುವೆ ವಿಶ್ವಾಸವನ್ನೇ ಜಗಳದ ವಸ್ತುವಾಗಿಸುವ ಈ ಆಸ್ತಿ ಕಾನೂನಿನಷ್ಟು ಕ್ರೂರವಾದದ್ದು ಬೇರೊಂದಿಲ್ಲ ಎಂದು ನನ್ನ ಅನಿಸಿಕೆ.

ಇಂಥ ನಾಡಿಗೆ ಹಾರ್ವಿ ಬಂದರು. ಬಂದದ್ದು ದೈವಕರೆಯಿಂದ ಎಂದು ಯಾರೂ ಹೇಳಿಲ್ಲ.

ಅವರು ಹುಟ್ಟಿದ್ದು 1730ರ ಆಗಸ್ಟ್ 1ರಂದು. ಅಜ್ಜ ಬ್ರಿಸ್ಟಲ್‌ನ ಅರ್ಲ್ ಎಂಬ ಬಿರುದಿನ ದೊರೆ; ತಂದೆ ರಾಜನ ಆಸ್ಥಾನದ ದೊಡ್ಡ ಹೆಸರು, ಹರಿತ ನಾಲಗೆಯವರು. ಮನುಷ್ಯರಲ್ಲಿ ಮೂರು ಜಾತಿ - ಗಂಡಸರು, ಹೆಂಗಸರು, ಹಾರ್ವಿಗಳು - ಎಂದು ಲಂಡನ್ನಿನಲ್ಲಿ ಜನ ಆಡಿಕೊಳ್ಳುತ್ತಿದ್ದರಂತೆ. ದೊರೆಮನೆಯಲ್ಲಿ ಹಿರಿಯ ಮಗನಿಗೆ ಬಿರುದು ಮತ್ತು ಆಸ್ತಿ, ಎರಡನೆಯವನಿಗೆ ಸೈನ್ಯ ಅಥವಾ ನೌಕಾಪಡೆ, ಮೂರನೆಯವನಿಗೆ ವಕೀಲಿ ಅಥವಾ ದೇವಾಲಯ - ಇದು ಆ ಕಾಲದ ಲೆಕ್ಕ. ಫ್ರೆಡೆರಿಕ್ ಮೂರನೆಯವರು. ಕೇಂಬ್ರಿಜ್‌ನಲ್ಲಿ ಓದಿ, 1752ರಲ್ಲಿ ಮದುವೆಯಾಗಿ, ಮೊದಲು ಕಾನೂನಿನತ್ತ ನೋಡಿ, ಆಮೇಲೆ ಗುರುದೀಕ್ಷೆ ಪಡೆದರು. ಹತ್ತಾರು ವರ್ಷ ಹೇಳಿಕೊಳ್ಳುವಂಥ ಹುದ್ದೆಯೇನೂ ಸಿಗಲಿಲ್ಲ. 1766ರಲ್ಲಿ ಇಟಲಿಗೆ ಹೋಗಿ ವೆಸೂವಿಯಸ್ ಬೆಂಕಿ ಕಾರುವುದನ್ನು ತೀರಾ ಹತ್ತಿರದಿಂದ ನೋಡಲು ಹೊರಟು, ಸಿಡಿದ ಕಲ್ಲೊಂದು ಬಡಿದು ತೋಳಿಗೆ ಗಾಯ ಮಾಡಿಕೊಂಡರು. ಅಗ್ನಿಪರ್ವತದ ಹುಚ್ಚು ಮಾತ್ರ ಬಿಡಲಿಲ್ಲ.

ಅದೇ 1766ರಲ್ಲಿ ಹಿರಿಯಣ್ಣ ಜಾರ್ಜ್ ಐರ್ಲೆಂಡಿನ ವೈಸರಾಯ್ ಆಗಿ ನೇಮಕವಾದರು. ಆ ಅಣ್ಣ ಐರ್ಲೆಂಡಿಗೆ ಕಾಲಿಡಲೇ ಇಲ್ಲ. ಆದರೆ ಕಾಲಿಡುವ ಮೊದಲೇ ತಮ್ಮನಿಗೆ ಒಂದು ದಾರಿ ಮಾಡಿಕೊಟ್ಟರು. 1767ರಲ್ಲಿ ಫ್ರೆಡೆರಿಕ್ ಹಾರ್ವಿ ಕ್ಲೋಯ್ನ್ ಎಂಬಲ್ಲಿಗೆ ಬಿಷಪ್ ಆದರು. ತತ್ವಜ್ಞಾನಿ ಬರ್ಕ್ಲಿ ಹಿಂದೆ ಕುಳಿತಿದ್ದ ಪೀಠ ಅದು. ಒಂದೇ ವರ್ಷಕ್ಕೆ, 1768ರಲ್ಲಿ, ಐರ್ಲೆಂಡಿನ ಅತಿ ಶ್ರೀಮಂತ ಪೀಠಗಳಲ್ಲೊಂದಾದ ಡೆರಿಗೆ ವರ್ಗವಾಯಿತು. ಸುದ್ದಿ ಬಂದಾಗ ಅವರು ತೋಟದಲ್ಲಿ ತಮ್ಮ ಪಾದ್ರಿಗಳ ಜೊತೆ ಆಡುತ್ತಿದ್ದರಂತೆ. ಒಬ್ಬರು ಬಗ್ಗಿ ನಿಂತರೆ ಇನ್ನೊಬ್ಬರು ಬೆನ್ನಿನ ಮೇಲಿಂದ ಹಾರುವ ಮಕ್ಕಳ ಆಟ. ಆಟ ಮುಗಿಸಿರಿ, ನಾನು ಒಂದೇ ನೆಗೆತಕ್ಕೆ ಕ್ಲೋಯ್ನ್‌ನಿಂದ ಡೆರಿಗೆ ಹಾರಿಬಿಟ್ಟೆ ಎಂದರಂತೆ. ನಿಜವೋ ಕಟ್ಟುಕಥೆಯೋ, ಮನುಷ್ಯ ಎಂಥವರು ಎಂದು ತಿಳಿಯಲು ಸಾಕು.

ಡೆರಿ ಪೀಠದ ವರಮಾನ ಆಗ ವರ್ಷಕ್ಕೆ ಸುಮಾರು 7,000 ಪೌಂಡು. ಧರ್ಮಾಧ್ಯಕ್ಷರ ಜಮೀನುಗಳನ್ನು ಗುತ್ತಿಗೆಗೆ ಕೊಡುವುದು, ಗುತ್ತಿಗೆ ನವೀಕರಿಸುವಾಗ ಮೊತ್ತ ಪಡೆಯುವುದು ರೂಢಿ. ಹಾರ್ವಿ ಆ ಗುತ್ತಿಗೆಗಳನ್ನು ಜಾಣತನದಿಂದ ನಡೆಸಿ ವರಮಾನವನ್ನು ಸುಮಾರು 20,000ಕ್ಕೆ ಏರಿಸಿದರು. ಇದು ಸಾಲದೆಂಬಂತೆ 1775ರಲ್ಲಿ ಹಿರಿಯಣ್ಣ, 1779ರ ಡಿಸೆಂಬರಿನಲ್ಲಿ ನೌಕಾಪಡೆಯ ಎರಡನೆಯಣ್ಣ, ಇಬ್ಬರೂ ನ್ಯಾಯಬದ್ಧ ವಾರಸುದಾರರಿಲ್ಲದೆ ತೀರಿಕೊಂಡರು. ಮೂರನೆಯ ಮಗ ಬ್ರಿಸ್ಟಲ್‌ನ 4ನೆಯ ಅರ್ಲ್ ಆದರು. ಒಂದೇ ತಲೆಯ ಮೇಲೆ ದೊರೆಯ ಕಿರೀಟ, ಧರ್ಮಾಧ್ಯಕ್ಷರ ಮೈಟರ್ ಎರಡೂ. ಅಂದಿನಿಂದ ಜನ ಅವರನ್ನು ದೊರೆ ಬಿಷಪ್ ಎಂದೇ ಕರೆದರು.

ಇಷ್ಟು ಓದಿದ ಮೇಲೆ ಇವರ ಗೊಡವೆ ನಮಗೇಕೆ ಎಂದು ನೀವು ಪುಟ ತಿರುಗಿಸಬಹುದು. ದಯವಿಟ್ಟು ನಿಲ್ಲಿ.

ಮೊದಲ ವರ್ಷಗಳಲ್ಲಿ ಹಾರ್ವಿ ಒಳ್ಳೆಯ ಪಾಲಕರೇ ಆಗಿದ್ದರು. ಧರ್ಮಕ್ಷೇತ್ರವನ್ನು ಸುತ್ತಿದರು, ಗುಡ್ಡದ ಮೇಲೆ ರಸ್ತೆ ಮಾಡಿಸಿದರು. ಅದು ಇಂದಿಗೂ ಬಿಷಪ್ಪರ ರಸ್ತೆ. ಒಳ್ಳೆಯ ಹುದ್ದೆಗಳೆಲ್ಲ ಇಂಗ್ಲೆಂಡಿನಿಂದ ಬಂದವರ ಪಾಲಾಗುತ್ತಿದ್ದ ಕಾಲದಲ್ಲಿ ಐರ್ಲೆಂಡಿನವರಿಗೇ ಕೊಡುತ್ತೇನೆಂದು ಸಾರಿದರು. ಡೆರಿಯ ಬಳಿ ಫಾಯ್ಲ್ ನದಿಗೆ ಸೇತುವೆ ಬೇಕೆಂದು ವರ್ಷಗಟ್ಟಲೆ ಹಟ ಹಿಡಿದರು. ಮರದ ಆ ಸೇತುವೆ ಕೊನೆಗೂ 1790ರ ಸುಮಾರಿಗೆ ಆಯಿತು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1775ರ ಪಂಚಾಶತ್ತಮ ಹಬ್ಬದಂದು ಡೆರಿಯಲ್ಲಿದ್ದರು. ಸುಲಭಕ್ಕೆ ಹೊಗಳುವ ಮನುಷ್ಯರಲ್ಲ ಅವರು. ಬಿಷಪ್ಪರ ಪ್ರಬೋಧನೆ ಉಪಯುಕ್ತವಾಗಿತ್ತು, ಪ್ರಭುಭೋಜನದ ಆಚರಣೆ ಗಂಭೀರವಾಗಿತ್ತು ಎಂದು ದಿನಚರಿಯಲ್ಲಿ ಮೆಚ್ಚಿ ಬರೆದುಕೊಂಡರು.

ಆದರೆ ಇದೆಲ್ಲಕ್ಕಿಂತ ಮುಖ್ಯವಾದದ್ದು 1774ರ ಪ್ರಮಾಣವಚನ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಥೋಲಿಕರು ರಾಜನಿಗೆ ನಿಷ್ಠರಾಗಿರಲಾರರು, ಅವರ ನಿಷ್ಠೆ ಜಗದ್ಗುರುಗಳಿಗೆ, ಮತ್ತು ಗಡೀಪಾರಾದ ಸ್ಟುವರ್ಟ್ ರಾಜಮನೆತನಕ್ಕೆ - ಇದು ದಂಡನಾ ಕಾನೂನುಗಳಿಗೆ ಕೊಡುತ್ತಿದ್ದ ಕಾರಣ. ಇದರಲ್ಲಿ ಒಂದು ಎಳೆ ಸತ್ಯವೂ ಇತ್ತು. ರೋಮಿನಲ್ಲಿದ್ದ ಸ್ಟುವರ್ಟ್ ವಾರಸುದಾರನನ್ನು ಜಗದ್ಗುರುಗಳು ಬಹುಕಾಲ ರಾಜನೆಂದೇ ಮನ್ನಿಸುತ್ತಿದ್ದರು. 1766ರಲ್ಲಿ ಆತ ತೀರಿಕೊಂಡಾಗ ಅವನ ಮಗನಿಗೆ ಆ ಮಾನ್ಯತೆಯನ್ನು ರೋಮ್ ಕೊಡಲಿಲ್ಲ. ಹಾರ್ವಿಯವರ ಕಣ್ಣು ತಕ್ಷಣ ಅಲ್ಲಿಗೆ ಹೋಯಿತು. ಹಾಗಾದರೆ ಈಗ ಕಥೋಲಿಕನು ತನ್ನ ವಿಶ್ವಾಸದ ಒಂದಕ್ಷರ ಬಿಡದೆ ಜಾರ್ಜ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬಹುದಲ್ಲ? ಅಂಥ ಪ್ರಮಾಣದ ಮಾತುಗಳು ಹೇಗಿರಬೇಕು? ಯೂರೋಪಿನ ಪ್ರವಾಸಗಳಲ್ಲಿ ಅವರು ಕಥೋಲಿಕ ಗುರುಗಳೊಡನೆ ಈ ವಿಷಯವನ್ನೇ ಚರ್ಚಿಸಿದರು. ಊರಿಗೆ ಮರಳಿ ಮಂತ್ರಿಗಳ ಬೆನ್ನು ಹತ್ತಿದರು.

1774ರಲ್ಲಿ ಐರಿಷ್ ಸಂಸತ್ತು ಅಂಥ ಕಾನೂನು ಮಾಡಿತು. ಪ್ರಮಾಣ ಮಾಡುವವನು ರಾಜನಿಗೆ ನಿಷ್ಠೆ ಹೇಳಬೇಕು, ಸ್ಟುವರ್ಟರನ್ನು ತೊರೆಯಬೇಕು, ಜಗದ್ಗುರುಗಳಿಗೆ ಈ ರಾಜ್ಯದಲ್ಲಿ ಲೌಕಿಕ ಅಧಿಕಾರ ಇಲ್ಲವೆನ್ನಬೇಕು, ಪಾಷಂಡಿಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾಗಿಲ್ಲ ಎಂಬ ವಾದವನ್ನು ತಿರಸ್ಕರಿಸಬೇಕು. ಬಲಿಪೂಜೆಯ ಬಗ್ಗೆ, ಮಾತೆ ಮರಿಯಳ ಬಗ್ಗೆ, ಜಗದ್ಗುರುಗಳ ಆಧ್ಯಾತ್ಮಿಕ ಅಧಿಕಾರದ ಬಗ್ಗೆ ಒಂದು ಮಾತೂ ಇಲ್ಲ. ಹಾಗೆಂದು ಕಥೋಲಿಕರೆಲ್ಲ ಖುಷಿಯಾಗಿ ಸಾಲುಗಟ್ಟಲಿಲ್ಲ. ಆ ಮಾತುಗಳಲ್ಲಿ ಅವಮಾನದ ವಾಸನೆಯಿದೆ ಎಂದವರಿದ್ದರು. ನಾವೇನು ಮಾತಿಗೆ ತಪ್ಪುವವರೇ, ಅದನ್ನು ಪ್ರಮಾಣ ಮಾಡಿ ಹೇಳಬೇಕೇ? ದಕ್ಷಿಣದ ಮನ್‌ಸ್ಟರ್ ಪ್ರಾಂತದ ಕಥೋಲಿಕ ಧರ್ಮಾಧ್ಯಕ್ಷರು 1775ರಲ್ಲಿ ಇದನ್ನು ಒಪ್ಪಬಹುದೆಂದರು. ಡಬ್ಲಿನ್ನಿನ ಕಡೆಯವರು ಕೆಲವು ವರ್ಷ ಹಿಂದೆಮುಂದೆ ನೋಡಿದರು.

ಈ ಪ್ರಮಾಣದಿಂದ ಅಂದೇ ಏನೂ ಸಿಗಲಿಲ್ಲ, ನಿಜ. ಆದರೆ ಬಾಗಿಲಿಗೆ ಚಿಲಕದ ಜಾಗದಲ್ಲಿ ಹಿಡಿ ಬಂತು. 1778ರ ಕಾನೂನು ಪ್ರಮಾಣ ಮಾಡಿದ ಕಥೋಲಿಕರಿಗೆ 999 ವರ್ಷದ ಗುತ್ತಿಗೆ ಪಡೆಯಲು ಬಿಟ್ಟಿತು. ಆ ಹರಿದು ಹಂಚುವ ವಾರಸು ನಿಯಮವನ್ನೂ ತೆಗೆಯಿತು. 1782ರಲ್ಲಿ ಜಮೀನು ಕೊಳ್ಳುವ, ಶಾಲೆ ನಡೆಸುವ ಅವಕಾಶ ಬಂತು. ಗುರುಗಳ ಮೇಲಿನ ನಿರ್ಬಂಧಗಳು ಸಡಿಲವಾದವು. 1793ರಲ್ಲಿ ಮತದಾನ. ಸಂಸತ್ತಿನಲ್ಲಿ ಕೂರುವ ಹಕ್ಕು ಬರಲು ಮಾತ್ರ 1829 ಆಗಬೇಕಾಯಿತು. ಇದೆಲ್ಲ ಹಾರ್ವಿ ಒಬ್ಬರಿಂದ ಆಯಿತೆಂದರೆ ಸುಳ್ಳಾಗುತ್ತದೆ. ಅಮೆರಿಕದ ಯುದ್ಧಕ್ಕೆ ಬ್ರಿಟಿಷರಿಗೆ ಸೈನಿಕರು ಬೇಕಿದ್ದರು. ಕಥೋಲಿಕರು ಸ್ವತಃ ಸಂಘಟಿತರಾಗಿ ಬೇಡಿಕೆ ಇಟ್ಟಿದ್ದರು. ಆದರೆ ಸರ್ಕಾರಿ ಸಭೆಯ ಧರ್ಮಾಧ್ಯಕ್ಷರ ಸಾಲಿನಲ್ಲಿ ಕುಳಿತು, ಅದೂ ಅಷ್ಟು ಮೊದಲೇ, ಇವರ ಪರವಾಗಿ ಬಾಯಿ ತೆರೆದವರು ಎಷ್ಟು ಜನ?

1783ರ ನವೆಂಬರಿನಲ್ಲಿ ಅವರ ಬಾಯಿ ಇನ್ನೂ ದೊಡ್ಡದಾಯಿತು. ಸಂಸತ್ತಿನ ಸುಧಾರಣೆ ಕೇಳಲು ಶಸ್ತ್ರಧಾರಿ ಸ್ವಯಂಸೇವಕರ ಪ್ರತಿನಿಧಿಗಳು ಡಬ್ಲಿನ್ನಿನ ರೊಟಂಡಾ ಭವನದಲ್ಲಿ ಸೇರಿದರು. ದೊರೆ ಬಿಷಪ್ಪರು ನೇರಳೆ ಉಡುಪು ತೊಟ್ಟು, ವಜ್ರದ ಬಕ್ಕಲು ಹಾಕಿಕೊಂಡು, ಕುದುರೆ ಸವಾರರ ಕಾವಲಿನಲ್ಲಿ ರಾಜಠೀವಿಯಿಂದ ಮೆರವಣಿಗೆ ಬಂದರು. ಕಾವಲು ಪಡೆಯ ಮುಂದಿದ್ದವನು ಅವರ ಸೋದರಳಿಯ ಫಿಟ್ಜ್‌ಜೆರಾಲ್ಡ್. ಮೂರು ವರ್ಷದ ನಂತರ ಕೊಲೆ ಆರೋಪದಲ್ಲಿ ನೇಣಿಗೇರಿದವನು! ಇಂಥ ಆಡಂಬರ ನೋಡಿ ನಗಬೇಕೋ ಹೆದರಬೇಕೋ ಸರ್ಕಾರಕ್ಕೆ ತಿಳಿಯಲಿಲ್ಲ. ಬಂಧಿಸುವ ಆಲೋಚನೆಯೂ ನಡೆಯಿತು. ಸಭೆಯಲ್ಲಿ ಹಾರ್ವಿ ಕಥೋಲಿಕರಿಗೂ ಮತದಾನ ಕೊಡಬೇಕೆಂದರು. ಅಧ್ಯಕ್ಷರಾಗಿದ್ದ ಚಾರ್ಲ್‌ಮಾಂಟ್ ದೊರೆಗಳು ಗೌರವಸ್ಥರು, ದೇಶಭಕ್ತರೆಂದು ಹೆಸರಾದವರು. ಅವರಿಗೆ ಅದು ಸಮ್ಮತವಿರಲಿಲ್ಲ. ಸಭೆಯೂ ಒಪ್ಪಲಿಲ್ಲ. ಬಾಳು ಶುದ್ಧವಿದ್ದವರು ಬೇಡವೆಂದರು, ವಜ್ರದ ಬಕ್ಕಲಿನವರು ಬೇಕೆಂದರು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಡೆರಿ ನಗರಕ್ಕೆ ಸುತ್ತ ಕೋಟೆಗೋಡೆಯಿದೆ. ಗೋಡೆಯೊಳಗೆ ಆಂಗ್ಲಿಕನ್ ಪ್ರಧಾನಾಲಯ. ಕಥೋಲಿಕರು ಗೋಡೆಯ ಹೊರಗೆ. ಅವರು ಮರವೊಂದರ ಕೆಳಗೆ ಬಲಿಪೂಜೆಗೆ ಸೇರುತ್ತಿದ್ದರೆಂದು ಅಲ್ಲಿನ ಹಿರಿಯರ ಮಾತು. 1780ರ ದಶಕದಲ್ಲಿ ಅಲ್ಲೇ ಲಾಂಗ್ ಟವರ್ ಎಂಬಲ್ಲಿ ದೇವಾಲಯ ಕಟ್ಟಲು ಫಾದರ್ ಜಾನ್ ಲಿಂಚ್ ಹೊರಟಾಗ ಹಾರ್ವಿ 200 ಪೌಂಡು ಕೊಟ್ಟರು. ಪೀಠದ ಬಳಿಯ ಕಂಬಗಳ ಕೆತ್ತನೆಯ ತಲೆಗಳನ್ನು ನೇಪಲ್ಸ್‌ನಿಂದ ತರಿಸಿಕೊಟ್ಟವರೂ ಅವರೇ ಎನ್ನುತ್ತಾರೆ. ಆ ದೇವಾಲಯ ಬೆಳೆದು, ಬದಲಾಗಿ, ಇಂದಿಗೂ ಡೆರಿಯ ಕಥೋಲಿಕರ ಪ್ರೀತಿಯ ದೇವಾಲಯವಾಗಿದೆ.

ಇನ್ನೊಂದು ಸಂಗತಿ ಸಮುದ್ರದಂಡೆಯ ಡೌನ್‌ಹಿಲ್‌ನದು. ಗಾಳಿಗೆ ಮರವೂ ನಿಲ್ಲದ ಕಡಲ ಕಡಿದಾದ ಬಂಡೆಯ ಮೇಲೆ ಹಾರ್ವಿ ಅರಮನೆ ಕಟ್ಟಿಸಿದರು. 1785ರ ವೇಳೆಗೆ ಬಂಡೆಯ ತುದಿಯಲ್ಲೇ ರೋಮನ್ ಗುಡಿಯ ಮಾದರಿಯ ದುಂಡನೆಯ ಗ್ರಂಥಾಲಯವೊಂದು ಎದ್ದಿತು. ಬಂಧುವಾಗಿದ್ದ ಮಸೆಂಡನ್ ಎಂಬ ತರುಣಿಯ ಹೆಸರು ಅದಕ್ಕೆ. ಪಾಪ, ಆಕೆ ಆ ವರ್ಷವೇ 22ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುಮ್ಮಟದ ಸುತ್ತ ಕೆತ್ತಿಸಿದ್ದು ಶುಭಸಂದೇಶದ ಮಾತಲ್ಲ, ಲುಕ್ರೇಶಿಯಸ್ ಎಂಬ ಪುರಾತನ ರೋಮನ್ ಕವಿಯದು. ಬಿರುಗಾಳಿಗೆ ಸಿಕ್ಕ ಹಡಗನ್ನು ದಡದಿಂದ ನೋಡುವವನ ನೆಮ್ಮದಿಯನ್ನು ಕುರಿತದ್ದು. ಧರ್ಮಾಧ್ಯಕ್ಷರಿಗೆ ಇದು ತಕ್ಕದ್ದೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಗ್ರಂಥಾಲಯದ ಕೆಳಗೆ ಒಂದು ಕೋಣೆಯಿದೆ. ಸುತ್ತಲಿನ ಕಥೋಲಿಕರಿಗೆ ದೇವಾಲಯವಿಲ್ಲವೆಂದು ತಿಳಿದು, ಗುರುಗಳು ವಾರಕ್ಕೊಮ್ಮೆ ಅಲ್ಲಿ ಬಲಿಪೂಜೆ ಅರ್ಪಿಸಲು ದೊರೆ ಬಿಷಪ್ಪರು ಅನುಮತಿ ಕೊಟ್ಟರು. ಮೇಲೆ ಪುಸ್ತಕಗಳು, ಕೆಳಗೆ ಕಡಲ ಮೊರೆತದ ನಡುವೆ ಬೆಸ್ತರೂ ರೈತರೂ ಮೊಣಕಾಲೂರಿ. ಬಲಿಪೂಜೆಗಾಗಿ ಬೇಲಿಯ ಮರೆಯನ್ನೂ ಬಂಡೆಯ ಮರೆಯನ್ನೂ ಹುಡುಕುತ್ತಿದ್ದ ಜನರ ಮಕ್ಕಳು ಅವರು.

ಸಭೆಯ ಮೇಲೆ ಅವರಿಗಿದ್ದ ಭಕ್ತಿ ಎಷ್ಟು ಎಂಬುದಕ್ಕೆ ಇನ್ನೊಂದು ಕಥೆ ಓಡಾಡುತ್ತದೆ. ಹುದ್ದೆಯೊಂದು ಖಾಲಿಯಾದಾಗ, ಆಕಾಂಕ್ಷಿ ಪಾದ್ರಿಗಳಿಗೆ ಚೆನ್ನಾಗಿ ಊಟ ಹಾಕಿಸಿ, ಆಮೇಲೆ ಕಡಲ ತೀರದ ಮರಳಿನಲ್ಲಿ ಓಡಿಸಿ, ಗೆದ್ದವರಿಗೆ ಹುದ್ದೆ ಎಂದರಂತೆ. ದಪ್ಪ ಪಾದ್ರಿಗಳು ಮರಳಿನಲ್ಲಿ ಹೂತುಕೊಂಡು ಏದುಸಿರು ಬಿಟ್ಟದ್ದನ್ನು ಡೌನ್‌ಹಿಲ್ ಕಡೆಯವರು ಕಣ್ಣಾರೆ ಕಂಡವರಂತೆ ಹೇಳುತ್ತಾರೆ.

ಮುಚ್ಚುಮರೆ ಬೇಡ: ಕೊನೆಯ ಭಾಗ ಚೆನ್ನಾಗಿಲ್ಲ. 1782ರಲ್ಲಿ ಹೆಂಡತಿಯಿಂದ ದೂರವಾದರು, ಮತ್ತೆ ಒಂದಾಗಲಿಲ್ಲ. 1790ರ ದಶಕದ ಆರಂಭದಲ್ಲಿ ಐರ್ಲೆಂಡ್ ಬಿಟ್ಟವರು ತಿರುಗಿ ಬರಲೇ ಇಲ್ಲ. ಸುಮಾರು ಹನ್ನೆರಡು ವರ್ಷ ಡೆರಿಯ ಬಿಷಪ್ಪರು ಡೆರಿಯಲ್ಲಿ ಇರಲಿಲ್ಲ. ಬಡ ರೈತರ ಗುತ್ತಿಗೆ ಹಣ ಇಟಲಿಗೆ ಹೋಗಿ ಚಿತ್ರವಾಯಿತು, ಶಿಲ್ಪವಾಯಿತು, ಔತಣವಾಯಿತು. ಯೂರೋಪಿನ ಎಷ್ಟೋ ಹೋಟೆಲುಗಳಿಗೆ ಬ್ರಿಸ್ಟಲ್ ಎಂಬ ಹೆಸರು ಬಂದದ್ದು ಇವರು ಇಳಿದುಕೊಳ್ಳುತ್ತಿದ್ದುದರಿಂದ ಎಂಬ ಮಾತಿದೆ. ಇಂಗ್ಲೆಂಡಿನ ಇಕ್‌ವರ್ತ್‌ನಲ್ಲಿ 1795ರಲ್ಲಿ ಇನ್ನೊಂದು ದುಂಡನೆಯ ಅರಮನೆ ಶುರು ಮಾಡಿಸಿದರು, ಈ ಚಿತ್ರಗಳನ್ನೆಲ್ಲ ಇಡಲಿಕ್ಕೆ. ಅದು ಮುಗಿದದ್ದನ್ನು ಅವರು ನೋಡಲಿಲ್ಲ. ಕುರಿಗಳ ವಾಸನೆ ಇರುವ ಕುರುಬರಾಗಿರಿ ಎಂದು 2013ರಲ್ಲಿ ಪೋಪ್ ಫ್ರಾನ್ಸಿಸ್‌ರು ಗುರುಗಳಿಗೆ ಹೇಳಿದ್ದು ನಮಗೆಲ್ಲ ನೆನಪಿದೆ; ಆ ಅಳತೆಗೆ ಹಾರ್ವಿ ಎಲ್ಲೂ ನಿಲ್ಲುವುದಿಲ್ಲ.

1798ರಲ್ಲಿ ಫ್ರೆಂಚ್ ಸೈನ್ಯ ರೋಮನ್ನು ಹಿಡಿಯಿತು. ಆರನೆಯ ಪಿಯುಸ್ ಜಗದ್ಗುರುಗಳನ್ನು ಸೆರೆಯಾಳಾಗಿ ಒಯ್ದರು. ಅವರು ಮರುವರ್ಷ ಫ್ರಾನ್ಸಿನಲ್ಲಿ ಸೆರೆಯಲ್ಲೇ ಪ್ರಾಣಬಿಟ್ಟರು. ಅದೇ ತಿಂಗಳುಗಳಲ್ಲಿ ಫ್ರೆಂಚರು ಗೂಢಚಾರನೆಂಬ ಅನುಮಾನದಿಂದ ಹಾರ್ವಿಯವರನ್ನೂ ಹಿಡಿದು ಮಿಲಾನಿನ ಕೋಟೆಯಲ್ಲಿ ಸುಮಾರು ಒಂಬತ್ತು ತಿಂಗಳು ಇಟ್ಟರು. ರೋಮಿನಲ್ಲಿದ್ದ ಅವರ ಕಲಾಸಂಗ್ರಹ ಜಪ್ತಿಯಾಯಿತು. ಅದನ್ನು ಬಿಡಿಸಿಕೊಡಿ ಎಂದು ಮುನ್ನೂರಕ್ಕೂ ಹೆಚ್ಚು ಕಲಾವಿದರು ಅರ್ಜಿಗೆ ಸಹಿ ಹಾಕಿದರು. ಅವರಿಗೆಲ್ಲ ಕೆಲಸ ಕೊಟ್ಟು ಸಾಕಿದವರಲ್ಲವೇ. ಇಕ್‌ವರ್ತ್‌ನ ಅರಮನೆಗೆ ಆ ಸಂಗ್ರಹ ತಲುಪಲೇ ಇಲ್ಲ.

1803ರ ಜುಲೈ 8ರಂದು, ರೋಮಿನ ಬಳಿಯ ಅಲ್ಬಾನೋದ ದಾರಿಯಲ್ಲಿ ಅವರಿಗೆ ಹೊಟ್ಟೆಯ ಗೌಟ್ ಎಂದು ಆ ಕಾಲದ ವೈದ್ಯರು ಕರೆಯುತ್ತಿದ್ದ ನೋವು ಕಾಣಿಸಿಕೊಂಡಿತು. ಹತ್ತಿರವಿದ್ದ ರೈತನೊಬ್ಬನ ಮನೆಗೆ ಹೊತ್ತು ತಂದರು. ಇವರು ಪಾಷಂಡಿ ಸಭೆಯ ಬಿಷಪ್ ಎಂದು ತಿಳಿದ ರೈತ, ಅಂಥವರು ತನ್ನ ಮನೆಯ ಸೂರಿನಡಿ ಸಾಯುವುದು ಬೇಡವೆಂದು ಹೊರಗಿನ ಕೊಟ್ಟಿಗೆಗೆ ಸಾಗಿಸಿದನಂತೆ. ಅಲ್ಲೇ ತೀರಿಕೊಂಡರು, ವಯಸ್ಸು 72. ಆ ರೈತನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅವನಿಗೆ ಕಲಿಸಿದ್ದು ಅಷ್ಟೇ. ಡೌನ್‌ಹಿಲ್‌ನ ಆ ಕೆಳಗಿನ ಕೋಣೆಯ ವಿಷಯ ಅವನಿಗೆ ಯಾರು ಹೇಳಬೇಕಿತ್ತು?

ಶವವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದರು. ಹೆಣವಿದ್ದರೆ ಹಡಗಿಗೆ ಕೇಡು ಎಂದು ನಾವಿಕರು ಹೆದರುತ್ತಾರೆಂದು, ಪ್ರಾಚೀನ ಶಿಲ್ಪವೆಂದು ಹೇಳಿ ಪೆಟ್ಟಿಗೆಯಲ್ಲಿಟ್ಟು ತಂದರೆಂಬ ಮಾತೂ ಉಂಟು. ಜೀವನವಿಡೀ ಶಿಲ್ಪಗಳನ್ನು ಹಡಗಿಗೇರಿಸಿದವರಿಗೆ! 1804ರಲ್ಲಿ ಇಕ್‌ವರ್ತ್‌ನಲ್ಲಿ ಸಮಾಧಿಯಾಯಿತು.

ಅಲ್ಲಿನ ತೋಟದಲ್ಲಿ ಎತ್ತರದ ಒಂದು ಕಲ್ಲುಕಂಬವಿದೆ. ನಿಲ್ಲಿಸಿದ್ದು ಮನೆಯವರಲ್ಲ, 1817ರಲ್ಲಿ ಡೆರಿಯ ಜನ ತಾವೇ ಹಣ ಕೂಡಿಸಿ ನಿಲ್ಲಿಸಿದರು. ಅವರು ಬಿಷಪ್ಪರ ಮುಖ ನೋಡಿ ಆಗ ಕಾಲು ಶತಮಾನವಾಗಿತ್ತು. ಚಂದಾ ಕೊಟ್ಟವರಲ್ಲಿ ಡೆರಿಯಲ್ಲಿ ನೆಲೆಸಿದ್ದ ರೋಮನ್ ಕಥೋಲಿಕ ಧರ್ಮಾಧ್ಯಕ್ಷರೂ ಅಲ್ಲಿನ ಪ್ರತ್ಯೇಕ ಸಭೆಯ ಬೋಧಕರೂ ಇದ್ದರೆಂದು ಆ ಕಲ್ಲಿನ ಮೇಲೆಯೇ ಬರೆಸಿದ್ದಾರೆ.